ಜಿಮ್ಮಿಗೆ ಹೋದ್ರೆ ತಲೆ ಬೋಳಾಗುತ್ತಾ?

ಇವತ್ತು ರಾಜಕೀಯ ಬೇಡ. ತಲೆಯ ವಿಷಯ ಮಾತಾಡೋಣ. ತಲೆ ಒಳಗಿರೋದಲ್ಲ, ಮೇಲಿರೋದು.

ಕಳೆದ ತಿಂಗಳು ನಮ್ಮ ಚಿಕ್ಕಪ್ಪನ ಮಗ ಮನೆಗೆ ಬಂದಿದ್ದ. 24 ವರ್ಷ. ಎರಡು ವರ್ಷದಿಂದ ತಪ್ಪದೇ ಜಿಮ್ಮಿಗೆ ಹೋಗ್ತಿದ್ದ ಹುಡುಗ. 'ಬಿಟ್ಟುಬಿಟ್ಟೆ ಅಣ್ಣ' ಅಂದ. ಯಾಕೋ ಅಂದ್ರೆ ಕ್ಯಾಪ್ ತೆಗೆದು ತೋರಿಸಿದ. ಹಣೆಯ ಎರಡೂ ಮೂಲೆಯಲ್ಲಿ ಕೂದಲು ಹಿಂದೆ ಸರಿದಿದೆ, ನೆತ್ತಿ ತೆಳ್ಳಗಾಗಿದೆ. ವ್ಯಾಯಾಮ ಮಾಡಿದ್ರೆ ಟೆಸ್ಟೋಸ್ಟಿರೋನ್ ಏರುತ್ತೆ, ಅದು ಏರಿದ್ರೆ ಕೂದಲು ಉದುರುತ್ತೆ ಅಂತ ಯಾವುದೋ ರೀಲ್ಸ್ ನೋಡಿದ್ದಾನೆ. ನನಗೆ ನೆನಪಾಗಿದ್ದು ಅವನಪ್ಪ. ಚಿಕ್ಕಪ್ಪನಿಗೆ 49ನೇ ವಯಸ್ಸಿಗೆ ಸ್ಟೆಂಟ್ ಹಾಕಿಸಿದ್ದೇವೆ. ಆ ರಾತ್ರಿ ಆಸ್ಪತ್ರೆ ಕಾರಿಡಾರಿನಲ್ಲಿ ಕೂತು ಎದ್ದ ಮೇಲೇ ಈ ಹುಡುಗ ಜಿಮ್ ಶುರು ಮಾಡಿದ್ದು.

ಅವನನ್ನು ನೋಡಿ ನಗೋ ಹಕ್ಕು ನನಗಿಲ್ಲ. ನೀವು ಈಗ ನೋಡ್ತಿರೋ ನನ್ನ ನೆತ್ತಿಗೂ ಮೇಕಪ್ ರೂಮಿನಲ್ಲಿ ಕಪ್ಪು ಪುಡಿ ಉದುರಿಸಿ ಕಳಿಸಿದ್ದಾರೆ. 'ಒಂದು ಮೊಟ್ಟೆಯ ಕಥೆ' ನೋಡಿ ಥಿಯೇಟರಿನಲ್ಲಿ ಎಲ್ಲರೂ ನಕ್ಕಾಗ ನಾನು ಸ್ವಲ್ಪ ಕಮ್ಮಿ ನಕ್ಕಿದ್ದೆ.

ನಾನು ಡಾಕ್ಟರಲ್ಲ, ಓದಿದ್ದು ಎಂಜಿನಿಯರಿಂಗ್. ಅಲ್ಲಿ ಒಂದು ಪಾಠ ಇದೆ: ಬಲ್ಬ್ ಸುಟ್ಟುಹೋದ್ರೆ ವೋಲ್ಟೇಜ್ ಒಂದನ್ನೇ ಬೈಬೇಡ, ಬಲ್ಬನ್ನೂ ನೋಡು ಅಂತ. ಇಲ್ಲೂ ಅಷ್ಟೇ. 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಂಗರಚನಾ ತಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡಿದ್ದ ಗಂಡಸರ ತಲೆ ಬೋಳಾಗಿರಲಿಲ್ಲ. ಅಂಥವರಿಗೆ ಟೆಸ್ಟೋಸ್ಟಿರೋನ್ ಕೊಟ್ಟರೆ? ಮನೆತನದಲ್ಲಿ ಬೋಳು ಇದ್ದವರ ಕೂದಲು ಉದುರಲು ಶುರುವಾಯಿತು, ಮಿಕ್ಕವರದ್ದು ಹಾಗೇ ಉಳಿಯಿತು. ಅಂದರೆ ಹಾರ್ಮೋನ್ ಬೇಕು, ನಿಜ. ಆದರೆ ಯಾರ ಕೂದಲು ಹೋಗಬೇಕು ಅಂತ ತೀರ್ಮಾನಿಸೋದು ವಂಶ.

ದೇಹದಲ್ಲಿ ಟೆಸ್ಟೋಸ್ಟಿರೋನಿನ ಒಂದಂಶ ಡಿಎಚ್‌ಟಿ ಅನ್ನೋ ಇನ್ನೊಂದು ಹಾರ್ಮೋನ್ ಆಗುತ್ತೆ. ಹಣೆ ಮತ್ತು ನೆತ್ತಿಯ ಕೂದಲ ಬುಡಕ್ಕೆ ಅದನ್ನು ಕಂಡ್ರೆ ಆಗಲ್ಲ. ಹುಟ್ಟಿನಿಂದ ಬಂದ ಅಲರ್ಜಿ ಇದ್ದ ಹಾಗೆ. ಒಂದೊಂದು ಸಲ ಉದುರಿ ಹುಟ್ಟುವಾಗಲೂ ಕೂದಲು ಇನ್ನಷ್ಟು ಸಣ್ಣಗಾಗುತ್ತೆ. ಹಿಂದಲೆಯ ಕೂದಲಿಗೂ ಅದೇ ರಕ್ತ, ಅದೇ ಹಾರ್ಮೋನ್. ಆದರೂ ಅದು ಅಲ್ಲಾಡಲ್ಲ. ಅಲ್ಲಿಂದ ಕಿತ್ತು ಮುಂದೆ ನೆಟ್ಟರೂ ತನ್ನ ಗುಣ ಬಿಡಲ್ಲ, ಕೂದಲು ಕಸಿ ನಡೆಯೋದೇ ಆ ನಂಬಿಕೆ ಮೇಲೆ.

ಈಗ ಜಿಮ್ಮಿಗೆ ಬನ್ನಿ. ಭಾರ ಎತ್ತಿದಾಗ ಟೆಸ್ಟೋಸ್ಟಿರೋನ್ ಏರೋದು ಹೌದು, ಆದರೆ ಸ್ವಲ್ಪ ಹೊತ್ತಿಗೆ ಇಳಿದುಬಿಡುತ್ತೆ. ವರ್ಷಗಟ್ಟಲೆ ನಡೆಯೋ ವಂಶದ ಬೋಳನ್ನು ಈ ಸಣ್ಣ ಏರಿಳಿತ ತರುತ್ತೆ ಅನ್ನೋಕೆ ಆಧಾರ ಇಲ್ಲ. ಹಾಗಂತ ದಿನಾ ಓಡಿದ್ರೆ ಉದುರೋದು ನಿಲ್ಲುತ್ತೆ ಅಂತಾನೂ ಇಲ್ಲ. ಸುಳ್ಳು ಆಸೆ ಯಾಕೆ ಕೊಡಲಿ?

ಮತ್ತೆ ಯಾಕೆ ಹುಡುಗರಿಗೆ ಹೀಗನ್ನಿಸುತ್ತೆ? ಇಪ್ಪತ್ತರ ವಯಸ್ಸಿನಲ್ಲೇ ಜಿಮ್ ಶುರುವಾಗೋದು, ಅದೇ ವಯಸ್ಸಿನಲ್ಲೇ ಹಣೆ ಅಗಲವಾಗೋದು. ಬೆವರಿ ಅಂಟಿಕೊಂಡ ಕೂದಲನ್ನು ಜಿಮ್ಮಿನ ಕನ್ನಡಿ, ಮೇಲಿನ ಲೈಟು ಸೇರಿ ಇದ್ದದ್ದಕ್ಕಿಂತ ತೆಳ್ಳಗೆ ತೋರಿಸುತ್ತವೆ. ಬೆಂಗಳೂರಿನಲ್ಲಾದ್ರೆ ಬೋರ್‌ವೆಲ್ ನೀರಿಗೂ ಒಂದು ಬೈಗುಳ ಬೀಳುತ್ತೆ!

ಆದರೆ ಜಿಮ್ಮಿನ ಸುತ್ತ ನಡೆಯೋ ಕೆಲವು ಸಂಗತಿಗಳು ನಿಜಕ್ಕೂ ಕೂದಲು ತೆಗೀತವೆ. ಊಟ ಬಿಟ್ಟು ತಿಂಗಳಲ್ಲೇ ತೂಕ ಇಳಿಸಿದ್ರೆ ಎರಡು ಮೂರು ತಿಂಗಳಾದ ಮೇಲೆ ಗೊಂಚಲು ಗೊಂಚಲಾಗಿ ಉದುರುತ್ತೆ, ಡೆಂಗ್ಯೂ ಬಂದು ಹೋದ ಮೇಲೆ ಆಗುತ್ತಲ್ಲ, ಹಾಗೆ. ಅದು ಸಾಮಾನ್ಯವಾಗಿ ವಾಪಸ್ ಬರುತ್ತೆ. ಸ್ಟಿರಾಯ್ಡ್ ಇಂಜೆಕ್ಷನ್ ಕಥೆ ಬೇರೆ. ಅದು ವಂಶದ ಬೋಳನ್ನು ಬೇಗ ಎಳೆದು ತರುತ್ತೆ, ಹೃದಯಕ್ಕೂ ಕೈ ಹಾಕುತ್ತೆ. 'ಸರ್, ಒಂದು ಕೋರ್ಸ್ ತಗೊಳ್ಳಿ' ಅನ್ನೋ ಟ್ರೇನರ್ ಸಿಕ್ಕಿದ್ರೆ ಆ ಜಿಮ್ಮನ್ನೇ ಬಿಡಿ. ಇನ್ನು ಕ್ರಿಯಾಟಿನ್. 2009ರಲ್ಲಿ ದಕ್ಷಿಣ ಆಫ್ರಿಕಾದ ರಗ್ಬಿ ಆಟಗಾರರ ಮೇಲಿನ ಒಂದು ಪುಟ್ಟ ಅಧ್ಯಯನದಲ್ಲಿ ಡಿಎಚ್‌ಟಿ ಏರಿತ್ತು. ಆದರೆ ಅಲ್ಲಿ ಯಾರೂ ಕೂದಲನ್ನು ಅಳೆದಿರಲಿಲ್ಲ. 2025ರಲ್ಲಿ ಪ್ರಕಟವಾದ 12 ವಾರಗಳ ಪ್ರಯೋಗದಲ್ಲಿ ಕೂದಲನ್ನೂ ಅಳೆದರು, ವ್ಯತ್ಯಾಸ ಕಾಣಲಿಲ್ಲ.

ನಾನು ತಮ್ಮನಿಗೆ ಒತ್ತಿ ಹೇಳಿದ ಮಾತು ಬೇರೆ. ಜಪಾನಿನ ಸಂಶೋಧಕರು 2013ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, ನೆತ್ತಿ ಬೋಳಾದ ಗಂಡಸರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತ್ತು. ಬೋಳಿನಿಂದ ಹಾರ್ಟ್ ಅಟ್ಯಾಕ್ ಆಗುತ್ತೆ ಅಂತಲ್ಲ, ಎರಡೂ ಜೊತೆಗೆ ಕಾಣಿಸಿಕೊಂಡಿವೆ ಅಷ್ಟೇ. ಆದ್ರೆ ನೆತ್ತಿಯಲ್ಲಿ ಕೂದಲಿಲ್ಲ, ಅಪ್ಪನ ಎದೆಯಲ್ಲಿ ಸ್ಟೆಂಟ್ ಇದೆ. ಇಂಥವನು ವ್ಯಾಯಾಮ ಬಿಡೋದಾ? ಅಪ್ಪು ಹೋದ 2021ರಲ್ಲೂ ಎಷ್ಟೋ ಜನ ಭಯಬಿದ್ದು ಜಿಮ್ ಬಿಟ್ಟಿದ್ದರು. ಭಯ ಇದ್ದರೆ ಇಸಿಜಿ, ಎಕೋ ಮಾಡಿಸಿ, ಡಾಕ್ಟರನ್ನು ಕೇಳಿ ಹೋಗಿ.

ಕೂದಲಿಗೆ ಏನು ಮಾಡಲಿ ಅಂದ. ಚರ್ಮರೋಗ ತಜ್ಞರ ಹತ್ತಿರ ಹೋಗು ಅಂದೆ. ಮಿನಾಕ್ಸಿಡಿಲ್ ಇದೆ, ಫಿನಾಸ್ಟೆರೈಡ್ ಇದೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು, ನಿಲ್ಲಿಸಿದ್ರೆ ಉಳಿದದ್ದೂ ಹೋಗುತ್ತೆ. ಫಿನಾಸ್ಟೆರೈಡ್‌ನಿಂದ ಕೆಲವರಿಗೆ ಲೈಂಗಿಕ ತೊಂದರೆ ಆಗೋದುಂಟು, ಹಾಗಾಗಿ ಮೆಡಿಕಲ್ ಶಾಪಿನವನ ಮಾತು ಕೇಳಿ ನುಂಗೋ ಮಾತ್ರೆ ಅಲ್ಲ ಅದು.

ಸೋಮವಾರದಿಂದ ಮತ್ತೆ ಹೋಗ್ತಿದ್ದಾನೆ. ಕ್ಯಾಪ್ ಮಾತ್ರ ಇನ್ನೂ ತೆಗೆದಿಲ್ಲವಂತೆ. ನನ್ನ ಪುಡಿ ಡಬ್ಬಿಯೂ ಇನ್ನೂ ಮೇಕಪ್ ರೂಮಿನಲ್ಲೇ ಇದೆ.