ಎಂಟು, ಚುಕ್ಕೆ, ಮೂರು

ಕಂಪ್ಯೂಟರಿನಲ್ಲಿ ಕಡತದ ಹೆಸರು ಎಷ್ಟು ಉದ್ದ ಇರಬಹುದು ಎಂಬುದನ್ನು ಮೊದಲು ತೀರ್ಮಾನಿಸಿದ್ದು ಜಿಪುಣತನ. 1979ರ ಯುನಿಕ್ಸ್ ಏಳನೇ ಆವೃತ್ತಿಯ ಡೈರೆಕ್ಟರಿಯಲ್ಲಿ ಒಂದು ಕಡತಕ್ಕೆ ಸಿಗುತ್ತಿದ್ದುದು 16 ಬೈಟ್ ಜಾಗ. ಅದರಲ್ಲಿ 2 ಬೈಟ್ ಕಡತದ ಸಂಖ್ಯೆಗೆ, ಮಿಕ್ಕ 14 ಹೆಸರಿಗೆ. ಅದಕ್ಕಿಂತ ಉದ್ದವಾದ ಹೆಸರನ್ನು ವ್ಯವಸ್ಥೆ ಸದ್ದಿಲ್ಲದೆ ಕತ್ತರಿಸುತ್ತಿತ್ತು. ಇಂಗ್ಲಿಷಿನ ‘ಕಾನ್ಫಿಗರೇಶನ್’ ಪದಕ್ಕೆ 13 ಅಕ್ಷರ, ಚುಕ್ಕೆ ಸೇರಿದರೆ 14. ಅಲ್ಲಿಗೆ ಮುಗಿಯಿತು. ಚುಕ್ಕೆಯ ಮುಂದಿನ ‘ಸಿ’ಗೂ ಜಾಗವಿಲ್ಲ, ‘ಓ’ಗೂ ಇಲ್ಲ. ಡಿಸ್ಕಿನ ಪಾಲಿಗೆ ಮೂಲ ಕಡತವೂ ಅದನ್ನು ಕಂಪೈಲ್ ಮಾಡಿದಾಗ ಹುಟ್ಟುವ ಕಡತವೂ ಒಂದೇ. ಕಾವಲಿಲ್ಲದಿದ್ದರೆ ಹುಟ್ಟಿದ್ದು ಹೆತ್ತದ್ದನ್ನೇ ನುಂಗಬೇಕು!

1983ರಲ್ಲಿ ಬರ್ಕ್ಲಿಯ ಯುನಿಕ್ಸ್ ಆವೃತ್ತಿಯಾದ 4.2 ಬಿಎಸ್‌ಡಿ ಈ ಮಿತಿಯನ್ನು 255ಕ್ಕೆ ಏರಿಸಿತು. ಆದರೆ ಅಷ್ಟರಲ್ಲಿ ಮನೆಮನೆಗೆ ಹೊರಟಿದ್ದುದು ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆ. ಅದಕ್ಕೂ ಹಿಂದಿನ ಸಿಪಿ/ಎಂ ವ್ಯವಸ್ಥೆಯ ಪದ್ಧತಿಯನ್ನೇ ಅದೂ ಹಿಡಿದಿತ್ತು: ಹೆಸರಿಗೆ 8 ಅಕ್ಷರ, ಒಂದು ಚುಕ್ಕೆ, ಆಮೇಲೆ 3 ಅಕ್ಷರ. ಎರಡನೇ ಚುಕ್ಕೆ ಸಲ್ಲದು, ಪ್ಲಸ್ ಚಿಹ್ನೆಯೂ ಸಲ್ಲದು.

ಈ ಇಕ್ಕಟ್ಟಿನೊಳಗೆ ಯುನಿಕ್ಸ್ ಲೋಕದ ತಂತ್ರಾಂಶವನ್ನು ತಂದು ಕೂರಿಸಿದ ಸಾಹಸಿ ಡಿ.ಜೆ. ಡೆಲೋರಿ. ಯುನಿಕ್ಸ್ ಬಳಕೆದಾರರ ಸಭೆಯೊಂದರಲ್ಲಿ ಜಿಸಿಸಿ ಕಂಪೈಲರಿನ ಕರ್ತೃ ರಿಚರ್ಡ್ ಸ್ಟಾಲ್ಮನ್ ಮಾತಾಡುತ್ತಿದ್ದರು. ಜಿಸಿಸಿಯನ್ನು ಡಾಸ್‌ಗೆ ತರಬಹುದೇ ಎಂದು ಡೆಲೋರಿ ಕೇಳಿದರು. ಜಿಸಿಸಿ ಬಲು ದೊಡ್ಡದು, ಡಾಸ್ 16 ಬಿಟ್‌ನದು, ಆಗದ ಮಾತು ಎಂಬ ಉತ್ತರ ಬಂತು. ಅದನ್ನೇ ಸವಾಲಾಗಿ ತೆಗೆದುಕೊಂಡು ಅವರು 1989ರಲ್ಲಿ ಶುರು ಮಾಡಿದ್ದು ಡಿಜೆಜಿಪಿಪಿ. 1996ರ ಕ್ವೇಕ್ ಆಟದ ಡಾಸ್ ಆವೃತ್ತಿ ಕಂಪೈಲ್ ಆದದ್ದು ಇದರಲ್ಲೇ.

ಡಿಜೆಜಿಪಿಪಿಯಲ್ಲಿ ಕಂಪೈಲರಿನಷ್ಟೇ ಕಾಡಿದ್ದು ಹೆಸರುಗಳು. ‘ಪ್ರಿಂಟರ್-ಎ’, ‘ಪ್ರಿಂಟರ್-ಬಿ’ ಎಂಬ ಎರಡು ಕಡತಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಡಾಸ್‌ಗೆ ಕೊಟ್ಟರೆ 8ನೆಯ ಅಕ್ಷರವಾದ ಅಡ್ಡಗೆರೆಗೇ ಕತ್ತರಿ ಬಿದ್ದು ಎರಡೂ ಒಂದಾಗುತ್ತವೆ. ಇಂಥ ಡಿಕ್ಕಿಗಳನ್ನು ಮೊದಲೇ ಹಿಡಿದುಕೊಡಲು ಡಾಸ್‌ಚೆಕ್ ಎಂಬ ಪುಟ್ಟ ಪ್ರೋಗ್ರಾಂ ಬಂತು. ಎರಡು ಚುಕ್ಕೆಯ ‘ಕಾನ್ಫಿಗ್.ಎಚ್.ಇನ್’ ಒಂದು ಚುಕ್ಕೆ ಕಳೆದುಕೊಂಡು ‘ಕಾನ್ಫಿಗ್.ಹಿನ್’ ಆಯಿತು. ಜಿ++ ಎಂಬ ಆಜ್ಞೆ ಜಿಎಕ್ಸ್‌ಎಕ್ಸ್ ಎಂಬ ವೇಷ ತೊಟ್ಟಿತು. ದೋಷ ಹುಡುಕುವ ಜಿಡಿಬಿಯ ಮೂಲ ಕಡತಗಳ ಜೊತೆಗಂತೂ ಹಳೆ ಹೆಸರಿಗೆ ಹೊಸ ಹೆಸರು ಸೂಚಿಸುವ ಒಂದು ಪಟ್ಟಿಯೇ ಬರುತ್ತಿತ್ತು. ಕಟ್ಟು ಬಿಚ್ಚುವ ಡಿಜೆಟಾರ್ ಅದನ್ನು ಓದಿಕೊಂಡು, ಬಿಚ್ಚುತ್ತಲೇ ನಾಮಕರಣ ಮುಗಿಸುತ್ತಿತ್ತು. ಈ ದುಡಿಮೆಯೆಲ್ಲ ಪ್ರೋಗ್ರಾಂಗಳ ಗುಣಕ್ಕೆ ಒಂದು ಕೂದಲೆಳೆಯನ್ನೂ ಸೇರಿಸಲಿಲ್ಲ ಎಂಬುದೇ ಬೇಸರ.

ವಿಂಡೋಸ್ 95 ಉದ್ದ ಹೆಸರನ್ನು ತಂದದ್ದು ಜಾಣತನದಿಂದ. ಹೆಸರನ್ನು 13 ಅಕ್ಷರದ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ಹಳೆಯ ಪ್ರೋಗ್ರಾಂಗಳು ಕಣ್ಣೆತ್ತಿ ನೋಡದಂಥ ಗುರುತು ಹಚ್ಚಿ, ಡೈರೆಕ್ಟರಿಯಲ್ಲೇ ಬಚ್ಚಿಟ್ಟಿತು. ಆದರೆ ವಿಂಡೋಸ್‌ನಲ್ಲಿ ಇನ್ನೊಂದು ಗೋಡೆ ಉಳಿಯಿತು. ಡ್ರೈವ್ ಅಕ್ಷರದಿಂದ ಕಡತದ ತುದಿಯವರೆಗಿನ ಇಡೀ ದಾರಿ 260ರೊಳಗೆ ಮುಗಿಯಬೇಕು. ಎನ್‌ಪಿಎಂ ಎಂಬ ಪ್ಯಾಕೇಜ್ ನಿರ್ವಾಹಕ ತರುವ ಪ್ಯಾಕೇಜುಗಳು ಡಬ್ಬಿಯೊಳಗೆ ಡಬ್ಬಿಯಂತೆ ಕೂರುತ್ತಿದ್ದ ಕಾಲದಲ್ಲಿ ಈ ಗೋಡೆಗೆ ತಲೆ ಚಚ್ಚಿಕೊಂಡವರು ಬಹಳ; ಅಳಿಸಲು ಹೋದರೆ, ದಾರಿ ಉದ್ದವಾಯಿತು ಎಂದು ಎಕ್ಸ್‌ಪ್ಲೋರರ್ ಅದಕ್ಕೂ ಒಪ್ಪುತ್ತಿರಲಿಲ್ಲ. 2015ರಲ್ಲಿ ಎನ್‌ಪಿಎಂ 3 ಅವುಗಳನ್ನು ಆದಷ್ಟೂ ಒಂದೇ ಮಟ್ಟಕ್ಕೆ ತಂದಿತು. ಆಳದ ಫೋಲ್ಡರಿಗೆ ಸಬ್‌ಸ್ಟ್ ಆಜ್ಞೆಯಿಂದ ಒಂದು ಡ್ರೈವ್ ಅಕ್ಷರ ಕೊಡುವುದು, ಪ್ರಾಜೆಕ್ಟನ್ನು ಸಿ ಡ್ರೈವಿನ ಬಾಗಿಲಲ್ಲೇ ಇಡುವುದು ಇವೆಲ್ಲ ಇಂದಿಗೂ ನಡೆಯುವ ಮದ್ದು. 2016ರಿಂದ ವಿಂಡೋಸ್ 10ರಲ್ಲಿ ಈ ಮಿತಿಯನ್ನು ಸಡಿಲಿಸಬಹುದು, ಪ್ರೋಗ್ರಾಂ ಕೂಡ ಅದಕ್ಕೆ ಒಪ್ಪಿದ್ದರೆ ಮಾತ್ರ.

ಲಿನಕ್ಸ್‌ನ ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲೂ ಹೆಸರಿನ ಮಿತಿ 255; ಅದು ಅಕ್ಷರವಲ್ಲ, ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಒತ್ತು, ಗುಣಿತದ ಚಿಹ್ನೆಗಳಿಗೂ ಲೆಕ್ಕ ಬೇರೆ. ‘ಕರ್ನಾಟಕ’ ಎಂದಷ್ಟೇ ಬರೆದರೂ 21 ಬೈಟ್ ಖರ್ಚು. ಹೀಗಾಗಿ ಕನ್ನಡದ ಹೆಸರು 85 ಸಂಕೇತಕ್ಕೆ ನಿಲ್ಲುತ್ತದೆ. ಕಡತಗಳನ್ನು ಗೂಢಲಿಪಿಯಲ್ಲಿಡುವ ಇಕ್ರಿಪ್ಟ್‌ಎಫ್‌ಎಸ್‌ನಲ್ಲಿ ಮಿತಿ ಸುಮಾರು 143 ಬೈಟ್‌ಗೆ ಇಳಿಯುತ್ತದೆ. ಸ್ಕಾಲಾ ಭಾಷೆಯ ಕಂಪೈಲರ್ ಹುಟ್ಟಿಸುವ ಉದ್ದುದ್ದ ಕ್ಲಾಸ್ ಹೆಸರುಗಳು ಅಲ್ಲಿ ಮುಗ್ಗರಿಸುತ್ತಿದ್ದವು. ಅತಿ ಉದ್ದದ ಹೆಸರಿನ ನಡುಭಾಗ ಕಿತ್ತು, ಆ ಜಾಗಕ್ಕೆ ಹ್ಯಾಶ್ ಎಂಬ ಚಿಕ್ಕ ಗುರುತು ತುಂಬುವ ಉಪಾಯ ಆ ಕಂಪೈಲರಿಗೆ ಗೊತ್ತಿತ್ತು. ಇಕ್ರಿಪ್ಟ್‌ಎಫ್‌ಎಸ್ ಇರುವ ಯಂತ್ರಗಳಲ್ಲಿ ಅದು ಬೇಗ ಜಾರಿಗೆ ಬರಲೆಂದು ಮಿತಿಯನ್ನು ಕೈಯಾರೆ ತಗ್ಗಿಸಬೇಕಾಗುತ್ತಿತ್ತು.