ಮನೆ ದುರಸ್ತಿಯ ನಂತರ ಕೈಗೆ ಹತ್ತಿದ ಅಂಟು ತೆಗೆಯುವ ಬಗೆ

(ಗಟ ಕಾರ್ಯಾಲಯದಲ್ಲಿ ಕೂಡಿದ್ದ ಸಭಾಸದರ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಕಬ್ಬು ನುರಿಸುವ ಹಂಗಾಮು ಮುಗಿದಿದೆ. ಕುಳೆ ಕಬ್ಬಿನ ಆರೈಕೆ ನಡೆದಿದೆ. ಅಡಸಾಲಿ ನಾಟಿಗೆ ಇನ್ನೂ ಹೊತ್ತಿದೆ. ಈ ನಡುವಿನ ದಿನಗಳಲ್ಲಿ ನಾವೆಲ್ಲ ಕೈ ಹಚ್ಚುವುದು ಮನೆಯ ಕೆಲಸಕ್ಕೆ. ರೋಹಿಣಿ ಮಳೆ ಬೀಳುವುದರೊಳಗೆ ಸ್ಲ್ಯಾಬಿನ ಬಿರುಕಿಗೆ ಡಾಂಬರು ಹಚ್ಚಬೇಕು, ತಗಡಿನ ತೂತು ಮುಚ್ಚಬೇಕು, ಬಾವಿಯ ಪೈಪಿನ ಜೋಡು ಕೂಡಿಸಬೇಕು, ಕಿಟಕಿ ಬಾಗಿಲಿಗೆ ಎಣ್ಣೆಬಣ್ಣ ಬಳಿಯಬೇಕು. ಇದಕ್ಕೆಲ್ಲ ಗೌಂಡಿಯ ದಾರಿ ಕಾಯದೆ ಕೈಯಾರೆ ಮಾಡಿಕೊಳ್ಳುವವರೇ ನಮ್ಮಲ್ಲಿ ಹೆಚ್ಚು. ಅದು ಒಳ್ಳೆಯದೇ. ಆದರೆ ಸಂಜೆ ಕೆಲಸ ಮುಗಿದ ಮೇಲೆ ನೋಡಿಕೊಂಡರೆ ಕೈ ಮೊಣಕೈಯವರೆಗೆ ಕಪ್ಪಾಗಿರುತ್ತದೆ. ನೀರಿಗೂ ಹೋಗುವುದಿಲ್ಲ, ಸಾಬೂನಿಗೂ ಹೋಗುವುದಿಲ್ಲ.

ಆ ಅಂಟನ್ನು ತೆಗೆಯುವ ಬಗ್ಗೆ ಇಂದು ಮಾತನಾಡುತ್ತೇನೆ. "ಸಾಹೇಬರು ತಳಿ, ಗೊಬ್ಬರ ಬಿಟ್ಟು ಕೈ ತೊಳಿಯೂದು ಕಲಿಸಾಕ ಬಂದಾರ" ಎಂದು ಹಿಂದೆ ಕುಳಿತವರು ನಗುತ್ತಿದ್ದೀರಿ. ನಗಿರಿ, ಆದರೆ ಕೊನೆಯವರೆಗೆ ಕೇಳಿರಿ. ಇದು ನನ್ನ ಮೈಮೇಲೆ ಬಂದು ಹೋದ ಸಂಗತಿ.

ನನ್ನ ಕೈಗೆ ಆದದ್ದು

ಎರಡು ವರ್ಷದ ಹಿಂದಿನ ಬೇಸಿಗೆ. ನನ್ನ ಮನೆಯ ಸ್ಲ್ಯಾಬು ಒಂದು ಮೂಲೆಯಲ್ಲಿ ಸೋರುತ್ತಿತ್ತು. ಪೇಟೆಯಿಂದ ಡಾಂಬರಿನ ಡಬ್ಬಿ ತಂದೆ. ಕಾಯಿಸುವ ಡಾಂಬರಲ್ಲ, ಹಾಗೆಯೇ ಬಳಿಯುವ ಕಪ್ಪು ಲೇಪ. ಕೈಗೆ ಏನೂ ಹಾಕಿಕೊಳ್ಳದೆ ಮಧ್ಯಾಹ್ನವೆಲ್ಲ ಬಳಿದೆ. ಇಳಿದು ಬಂದಾಗ ಎರಡೂ ಕೈ ಕಪ್ಪು. ಎಲ್ಲರೂ ಮಾಡುವಂತೆ ಮೋಟರ್ ಸೈಕಲ್ಲಿನ ಟಾಕಿಯಿಂದ ಒಂದು ಬಟ್ಟಲು ಪೆಟ್ರೋಲ್ ಇಳಿಸಿಕೊಂಡು, ಹಿತ್ತಲಿನಲ್ಲಿ ಕುಳಿತು ಅರಿವೆ ಅದ್ದಿ ತಿಕ್ಕತೊಡಗಿದೆ. ಐದಾರು ಹೆಜ್ಜೆ ಆಚೆ ಬಚ್ಚಲ ಒಲೆಯಲ್ಲಿ ಹಂಡೆ ಕಾಯುತ್ತಿತ್ತು. ಅಷ್ಟು ದೂರ ಇದೆಯಲ್ಲ ಎಂದುಕೊಂಡಿದ್ದೆ.

ಬೆಂಕಿ ನೆಲದ ಮೇಲೆ ಓಡುತ್ತ ಬಂದಿತು. ಬಟ್ಟಲನ್ನು ಒಗೆದೆ, ಆದರೆ ಒದ್ದೆಯಾಗಿದ್ದ ಎಡಗೈ ಹತ್ತಿಕೊಂಡಿತು. ಮನೆಯವರು ಒದ್ದೆ ಗೋಣಿತಟ್ಟು ತಂದು ಕೈಗೆ ಸುತ್ತಿ ಆರಿಸಿದರು. ಒಂದು ನಿಮಿಷ ಮೊದಲು ನನ್ನ ಎಂಟು ವರ್ಷದ ಮಗ ಸಾಬೂನು ಹಿಡಿದು ಪಕ್ಕದಲ್ಲೇ ನಿಂತಿದ್ದ. ಟವೆಲ್ ತಾ ಎಂದು ಒಳಗೆ ಕಳಿಸಿದ್ದೆ. ಅವನು ಅಲ್ಲೇ ಇದ್ದಿದ್ದರೆ ಎಂಬುದನ್ನು ನೆನೆದರೆ ಈಗಲೂ ನಿದ್ದೆ ಹಾರುತ್ತದೆ.

ಕೈಗೆ ಹನ್ನೆರಡು ದಿನ ಪಟ್ಟಿ ಕಟ್ಟಿಕೊಂಡಿದ್ದೆ. ಗುರುತು ಇನ್ನೂ ಇದೆ, ಸಭೆಯ ನಂತರ ಬಂದು ನೋಡಬಹುದು. ಔಷಧದ ಡಬ್ಬಿಯ ಮೇಲಿನ ಚೀಟಿ ಓದಿರಿ ಎಂದು ಊರೂರು ತಿರುಗಿ ನಿಮಗೆ ಹೇಳುವವನು ನಾನು. ನನ್ನ ಮನೆಯ ಡಬ್ಬಿಯ ಚೀಟಿಯನ್ನು ನಾನೇ ಓದಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಅವ್ವ ಬಲಗೈಯಲ್ಲಿ ಉಳಿದಿದ್ದ ಡಾಂಬರಿಗೆ ಕುಸುಬಿ ಎಣ್ಣೆ ಹಚ್ಚಿ, ಹಳೆ ಅರಿವೆಯಿಂದ ಒರೆಸಿ ತೆಗೆದಳು. ಕಾಲು ತಾಸು ಸಹ ಹಿಡಿಯಲಿಲ್ಲ. "ಮೊದಲ ಇಷ್ಟ ಎಣ್ಣಿ ಹಚ್ಚಬಾರದಿತ್ತೇನಪ್ಪಾ? ಜಿಡ್ಡಿಗೆ ಜಿಡ್ಡ ಹೋಗತೈತಿ" ಎಂದಳು. ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದ ರಸಾಯನಶಾಸ್ತ್ರ ಆ ಒಂದು ಮಾತಿನಲ್ಲಿತ್ತು.

ನೀರಿಗೆ ಏಕೆ ಹೋಗುವುದಿಲ್ಲ?

ಗಾಣದ ಮನೆಯಲ್ಲಿ ಕೈಗೆ ಬೆಲ್ಲದ ಪಾಕ ಮೆತ್ತಿಕೊಂಡರೆ ನೀರಿನಲ್ಲಿ ಅದ್ದಿದ ಕೂಡಲೆ ಬಿಡುತ್ತದೆ. ಏಕೆಂದರೆ ಸಕ್ಕರೆ ನೀರಿನಲ್ಲಿ ಕರಗುವ ಜಾತಿ. ಡಾಂಬರು, ಗ್ರೀಸು, ಎಣ್ಣೆಬಣ್ಣ ಇವು ಎಣ್ಣೆಯ ಜಾತಿ. ನೀರು ಇವನ್ನು ಮುಟ್ಟುವುದಿಲ್ಲ. ಎಣ್ಣೆ ಮಾತ್ರ ಒಳಹೊಕ್ಕು ಸಡಿಲಿಸುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ಗಾದೆ ಇಲ್ಲಿಗೂ ಹೊಂದುತ್ತದೆ.

ಎಣ್ಣೆಯಿಂದ ಸಡಿಲಾದ ಮೇಲೆ ಸಾಬೂನಿನ ಕೆಲಸ. ಸಾಬೂನಿನ ಕಣದ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಹೀಗೆ ಜಿಡ್ಡನ್ನು ನೀರಿನೊಡನೆ ಎಳೆದೊಯ್ಯುತ್ತದೆ. ಇ.ಸಿ. ಎಂದು ಬರೆದಿರುವ ಕೀಟನಾಶಕವನ್ನು ನೀರಿಗೆ ಹಾಕಿದಾಗ ಹಾಲಿನಂತೆ ಬೆಳ್ಳಗಾಗುವುದನ್ನು ನೀವು ಕಂಡಿದ್ದೀರಿ. ಎಣ್ಣೆಯಂಥ ಔಷಧವನ್ನು ನೀರಿನಲ್ಲಿ ಬೆರೆಸಲು ಅದರಲ್ಲಿ ಸಾಬೂನಿನಂಥದೇ ಒಂದು ವಸ್ತು ಸೇರಿಸಿರುತ್ತಾರೆ. ಕೈಯ ಮೇಲೆ ನಡೆಯುವುದೂ ಅದೇ ಕ್ರಿಯೆ. ಆದ್ದರಿಂದ ಮೊದಲು ಎಣ್ಣೆ, ಆಮೇಲೆ ಸಾಬೂನು, ಕೊನೆಗೆ ನೀರು. ಈ ಕ್ರಮ ತಪ್ಪಿಸಿ ಮೊದಲೇ ನೀರು ಹಾಕಿಕೊಂಡರೆ ಅರ್ಧ ತಾಸು ತಿಕ್ಕಿದರೂ ಪ್ರಯೋಜನವಿಲ್ಲ.

ತೆಗೆಯುವ ಕ್ರಮ

ಒಣ ಅರಿವೆಯಿಂದ ಎಷ್ಟು ಬರುತ್ತದೋ ಅಷ್ಟನ್ನು ಮೊದಲು ಒರೆಸಿ ತೆಗೆಯಿರಿ. ಆಮೇಲೆ ಶೇಂಗಾ, ಕುಸುಬಿ, ಕೊಬ್ಬರಿ, ಮನೆಯಲ್ಲಿ ಯಾವ ತಿನ್ನುವ ಎಣ್ಣೆ ಇದೆಯೋ ಅದನ್ನು ಎರಡು ಚಮಚೆಯಷ್ಟು ಧಾರಾಳವಾಗಿ ಹಚ್ಚಿರಿ. ವ್ಯಾಸಲೀನ್ ಆದರೂ ಆದೀತು. ಹಚ್ಚಿದೊಡನೆ ತಿಕ್ಕಬೇಡಿ, ಐದು ಹತ್ತು ನಿಮಿಷ ಹಾಗೇ ಬಿಡಿ. ನಂತರ ಮೆಲ್ಲಗೆ ತಿಕ್ಕಿ ಅರಿವೆಯಿಂದ ಒರೆಸಿರಿ. ಕಪ್ಪು ಉಳಿದರೆ ಮತ್ತೆ ಎಣ್ಣೆ ಹಚ್ಚಿರಿ. ಕೊನೆಗೆ ಸಾಬೂನು ಮತ್ತು ಉಗುರು ಬೆಚ್ಚಗಿನ ನೀರು.

ಉಗುರಿನ ಬುಡದಲ್ಲಿ, ಗೆರೆಗಳಲ್ಲಿ ಉಳಿದ ಅಂಟಿಗೆ ನಮ್ಮ ಮನೆಯಲ್ಲೇ ಔಷಧವಿದೆ, ಅದು ಸಕ್ಕರೆ. ಕಾರ್ಖಾನೆಯಿಂದ ರಿಯಾಯಿತಿ ದರದಲ್ಲಿ ಒಯ್ದ ಸಕ್ಕರೆಯಲ್ಲಿ ಒಂದು ಚಮಚೆ ತೆಗೆದು ಅಷ್ಟೇ ಎಣ್ಣೆಯಲ್ಲಿ ಕಲಸಿ ತಿಕ್ಕಿರಿ. ಸಣ್ಣ ಕಾಳಿನ ಎಸ್-30 ಸಕ್ಕರೆ ಇದಕ್ಕೆ ಮೇಲು. ಉಸುಕು, ಇಟ್ಟಿಗೆ ಚೂರು ತೊಗಲನ್ನು ಗೀರುತ್ತವೆ. ಸಕ್ಕರೆ ಅಂಟನ್ನು ಎಬ್ಬಿಸಿ, ನೀರು ತಾಗಿದೊಡನೆ ಕರಗಿಹೋಗುತ್ತದೆ. ಗಾಯವಿದ್ದಲ್ಲಿ, ಮುಖದ ಮೇಲೆ ಮಾತ್ರ ಇದು ಬೇಡ. ಬಟ್ಟೆ ಒಗೆಯುವ ಪುಡಿಯೂ ಬೇಡ. ಅದರಲ್ಲಿರುವ ಸೋಡಾ ಕೈಯನ್ನು ಒಡೆಸುತ್ತದೆ.

ಎಷ್ಟು ಮಾಡಿದರೂ ಒಂದಿಷ್ಟು ಕಲೆ ಉಳಿದರೆ ಬಿಟ್ಟುಬಿಡಿ. ನಮ್ಮ ತೊಗಲಿನ ಹೊರಪದರು ಉದುರುತ್ತ ಹೊಸದಾಗುತ್ತಲೇ ಇರುತ್ತದೆ. ಕಬ್ಬು ಹಳೆಯ ರವದಿಯನ್ನು ಬಿಡುವಂತೆ ಅದೂ ಕಲೆಯನ್ನು ಕೆಲವು ದಿನಗಳಲ್ಲಿ ತಾನೇ ಬಿಡುತ್ತದೆ. ಬ್ಲೇಡು ಹಿಡಿದು ಕೆರೆಯುವ ಅವಸರ ಬೇಡ.

ಪೆಟ್ರೋಲ್, ಥಿನ್ನರ್ ಏಕೆ ಬೇಡ?

ಚಿಮಣಿ ಎಣ್ಣೆ ಈಗ ಮೊದಲಿನಂತೆ ಸಿಗುವುದಿಲ್ಲ. ಅದರ ಜಾಗಕ್ಕೆ ಪೆಟ್ರೋಲ್ ಬಂದಿದೆ. ಇದು ಇನ್ನೂ ಅಪಾಯಕಾರಿ. ಪೆಟ್ರೋಲ್ ಚಳಿಯಲ್ಲಿಯೂ ಆವಿಯಾಗುತ್ತದೆ. ಆ ಆವಿ ಗಾಳಿಗಿಂತ ಭಾರ, ಕಾಲುವೆಯ ನೀರಿನಂತೆ ನೆಲ ಹಿಡಿದು ಹರಿಯುತ್ತದೆ. ಎಲ್ಲೋ ದೂರದಲ್ಲಿರುವ ಒಲೆ, ಬೀಡಿ, ದೇವರ ದೀಪ ತಾಗಿದರೆ ಬೆಂಕಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನನಗೆ ಆದದ್ದು ಇದೇ.

ಎರಡನೆಯದು, ಅದರಲ್ಲಿ ಸ್ವಲ್ಪ ಪ್ರಮಾಣದ ಬೆಂಜೀನ್ ಇದೆ. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತು. ಉಸಿರಿನಲ್ಲಿಯೂ, ತೊಗಲಿನ ಮೂಲಕವೂ ಒಳಗೆ ಹೋಗುತ್ತದೆ.

ಮೂರನೆಯದು ನಮ್ಮ ಕಸುಬಿಗೆ ಸೇರಿದ್ದು. ಇದಕ್ಕಾಗಿಯೇ ನಾನು ಈ ವಿಷಯ ಎತ್ತಿಕೊಂಡೆ. ಕಬ್ಬಿನ ಜಲ್ಲೆಯ ಮೇಲೆ ಬೂದಿಯಂತೆ ಬಿಳಿ ಮೇಣ ಇರುತ್ತದಲ್ಲ, ಹಾಗೆಯೇ ನಮ್ಮ ತೊಗಲಿಗೂ ತನ್ನದೇ ಜಿಡ್ಡಿನ ಕವಚವಿದೆ. ಪೆಟ್ರೋಲ್, ಥಿನ್ನರ್ ಇವು ಡಾಂಬರಿನ ಜೊತೆಗೆ ಆ ಕವಚವನ್ನೂ ತೊಳೆದುಬಿಡುತ್ತವೆ. ಕೈ ಬೆಳ್ಳಗೆ ಒಣಗಿ ಬಿರಿಯುತ್ತದೆ. ಮನೆಯ ದುರಸ್ತಿ ಮುಗಿದು ಅಡಸಾಲಿ ನಾಟಿ ಬರುತ್ತದೆ. ಬೀಜದ ತುಂಡುಗಳನ್ನು ಔಷಧದ ದ್ರಾವಣದಲ್ಲಿ ಅದ್ದುತ್ತೇವೆ, ಕಳೆನಾಶಕ ಕಲಸುತ್ತೇವೆ. ಕಬ್ಬಿನ ಎಲೆಯ ಅಂಚು ಮೊದಲೇ ಕೈ ಕೊಯ್ದಿರುತ್ತದೆ. ಕವಚ ಹೋಗಿ ಬಿರಿದ ಕೈಯಿಂದ ಔಷಧ ಒಳಗೆ ಇಳಿಯುವುದು ಸುಲಭವಾಗುತ್ತದೆ. ಆಮೇಲೆ ತಲೆನೋವು, ವಾಂತಿ ಬಂದರೆ ಬಿಸಿಲಿನ ಝಳ ಎಂದು ಮಲಗಿಬಿಡುತ್ತೇವೆ.

ಇಲ್ಲಿ ಒಂದು ಮಾತನ್ನು ಗಂಟು ಹಾಕಿಕೊಳ್ಳಿರಿ. ಎಣ್ಣೆಯ ಉಪಾಯ ಡಾಂಬರಿಗೆ, ಬಣ್ಣಕ್ಕೆ ಮಾತ್ರ. ಕೈಗೆ ಕೀಟನಾಶಕ ಬಿದ್ದರೆ ಎಣ್ಣೆ ಹಚ್ಚಲೇಬಾರದು. ಎಣ್ಣೆಯಲ್ಲಿ ಕರಗುವ ಔಷಧ ಎಣ್ಣೆಯೊಡನೆ ಒಳಗಿಳಿದೀತು. ಅದಕ್ಕೆ ಸಾಬೂನು ಮತ್ತು ಧಾರಾಳ ನೀರು, ಅದೂ ತಕ್ಷಣ.

ಒಂದೊಂದು ಅಂಟಿಗೆ ಒಂದೊಂದು ಬಗೆ

ಎಣ್ಣೆಬಣ್ಣ: ಹಸಿಯಿದ್ದಾಗಲೇ ಒರೆಸಿ, ಡಾಂಬರಿನಂತೆಯೇ ಎಣ್ಣೆ ಹಚ್ಚಿ ತೆಗೆಯಿರಿ. ಬಣ್ಣ, ಅಗಸೆ ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ. ಅವು ತಾವೇ ಕಾವೇರಿ ಹತ್ತಿಕೊಳ್ಳುವುದುಂಟು. ಹೊರಗೆ ಹರವಿ ಒಣಗಿಸಿರಿ.

ಪೈಪಿನ ಸೊಲ್ಯೂಶನ್: ಒಣ ಅರಿವೆಯಿಂದ ಆಗಲೇ ಒರೆಸಿ ಸಾಬೂನಿನಿಂದ ತೊಳೆಯಿರಿ. ಒಣಗಿದ ಪೊರೆ ಒಂದೆರಡು ದಿನದಲ್ಲಿ ತಾನೇ ಸುಲಿಯುತ್ತದೆ. ಇದೂ ಬೇಗ ಹತ್ತಿಕೊಳ್ಳುವ ವಸ್ತು. ಹತ್ತಿರ ಬೀಡಿ ಸೇದಬೇಡಿ.

ಎರಡು ಮುದ್ದೆ ಕಲಸಿ ಹಚ್ಚುವ ಎಪಾಕ್ಸಿ: ಟಾಕಿ, ಪೈಪಿನ ಸೋರಿಕೆಗೆ ಇದನ್ನು ಬರಿಗೈಯಲ್ಲೇ ಕಲಸುತ್ತೇವೆ. ಕೆಲವರಿಗೆ ಇದರಿಂದ ತುರಿಕೆ ಹತ್ತುತ್ತದೆ. ಒಮ್ಮೆ ಹತ್ತಿದರೆ ಮುಂದೆ ಮುಟ್ಟಿದಾಗಲೆಲ್ಲ ಬರುತ್ತದೆ. ಕೈಗವಸು ಹಾಕಿ ಕಲಸಿರಿ. ಹತ್ತಿದ್ದರೆ ಗಟ್ಟಿಯಾಗುವ ಮುನ್ನ ಒರೆಸಿ ಸಾಬೂನಿನಿಂದ ತೊಳೆಯಿರಿ. ಥಿನ್ನರ್ ಹಾಕಿದರೆ ಅದು ಇನ್ನಷ್ಟು ಒಳಗೆ ಹೋಗುತ್ತದೆ.

ಕ್ಷಣದಲ್ಲಿ ಹಿಡಿಯುವ ಅಂಟು: ಬೆರಳಿಗೆ ಬೆರಳು ಅಂಟಿಕೊಂಡರೆ ಜಗ್ಗಬೇಡಿ, ತೊಗಲು ಕಿತ್ತು ಬರುತ್ತದೆ. ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲಗೆ ಹೊರಳಿಸುತ್ತ ಬಿಡಿಸಿರಿ. ಹೆಣ್ಣುಮಕ್ಕಳು ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನ್ ಎರಡು ಹನಿ ಸಾಕಾಗುತ್ತದೆ. ಕಣ್ಣು, ಬಾಯಿ, ಗಾಯದ ಹತ್ತಿರ ಅದು ಕೂಡದು. ಈ ಅಂಟು ಹತ್ತಿ ಬಟ್ಟೆಯ ಮೇಲೆ ಬಿದ್ದರೆ ಸುಡುವಷ್ಟು ಕಾಯುತ್ತದೆ, ಆದ್ದರಿಂದ ಹತ್ತಿಯಿಂದ ಒರೆಸಬೇಡಿ. ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಲು ಹೋಗದೆ, ನೀರು ಹಾಕುತ್ತ ಡಾಕ್ಟರರ ಬಳಿಗೆ ಹೋಗಿರಿ.

ಸಿಮೆಂಟು: ಇದು ಅಂಟಿಗಿಂತ ಮೋಸದ್ದು. ಹಸಿ ಸಿಮೆಂಟು ತೀವ್ರ ಕ್ಷಾರ. ಹತ್ತಿದಾಗ ಉರಿಯುವುದಿಲ್ಲ, ತಾಸುಗಳ ಮೇಲೆ ತೊಗಲು ಸುಟ್ಟದ್ದು ತಿಳಿಯುತ್ತದೆ. ಮೊಣಕಾಲೂರಿ ಕೆಲಸ ಮಾಡುವಾಗ ಪಾಯಿಜಾಮದಲ್ಲಿ ಇಂಗಿದ ಸಿಮೆಂಟು ನೀರು ಹೀಗೆ ಮಾಡುತ್ತದೆ. ಬಟ್ಟೆ ತೆಗೆದು ಬಹಳ ಹೊತ್ತು ನೀರು ಹಾಕಿ ತೊಳೆಯಿರಿ.

ಬಿಸಿ ಡಾಂಬರು ಬಿದ್ದರೆ

ಇದುವರೆಗೆ ಹೇಳಿದ್ದು ತಣ್ಣನೆಯ ಡಾಂಬರಿನ ಮಾತು. ಕುದಿಸಿದ ಡಾಂಬರು ಬಿದ್ದರೆ ಎಲ್ಲವೂ ಬೇರೆ. ಅದರ ಕಾವು ಕುದಿಯುವ ನೀರಿಗಿಂತ ಬಹಳ ಹೆಚ್ಚು, ಮೇಲಾಗಿ ಬೆಲ್ಲದ ಪಾಕದಂತೆ ಮೈಗೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಕೂಡಲೆ ಹರಿಯುವ ತಣ್ಣೀರಿನ ಕೆಳಗೆ ಕೈ ಹಿಡಿದು, ಕನಿಷ್ಠ 20 ನಿಮಿಷ ಹಾಗೇ ಇರಬೇಕು. ಬರ್ಫ ಬೇಡ. ಬಳೆ, ಉಂಗುರ ತೆಗೆಯಿರಿ. ಗಟ್ಟಿಯಾದ ಡಾಂಬರನ್ನು ಮಾತ್ರ ಕೀಳಬೇಡಿ. ಕಿತ್ತರೆ ತೊಗಲೂ ಬರುತ್ತದೆ. ಎಣ್ಣೆ, ಪೆಟ್ರೋಲ್, ಹಲ್ಲಿನ ಪೇಸ್ಟು, ಶಾಯಿ ಯಾವುದೂ ಬೇಡ. ಶುಭ್ರ ಅರಿವೆ ಸಡಿಲಾಗಿ ಮುಚ್ಚಿ ಆಸ್ಪತ್ರೆಗೆ ಹೋಗಿರಿ, ಇಲ್ಲವೆ 108ಕ್ಕೆ ಫೋನ್ ಮಾಡಿರಿ. ಡಾಂಬರು ತೆಗೆಯುವುದು ಅಲ್ಲಿಯವರ ಕೆಲಸ.

ಮೊದಲೇ ಎಚ್ಚರ

ಅಂಟು ಹತ್ತಿದ ಮೇಲೆ ತೆಗೆಯುವುದಕ್ಕಿಂತ ಹತ್ತದಂತೆ ನೋಡಿಕೊಳ್ಳುವುದು ಅಗ್ಗ. ಹಳೆಯ ತುಂಬುತೋಳಿನ ಅಂಗಿ, ಒಂದು ಜೊತೆ ರಬ್ಬರ್ ಕೈಗವಸು ಸಾಕು. ಡಾಂಬರು, ಬಣ್ಣದ ಕೆಲಸಕ್ಕೆ ಮೊದಲು ಮೊಣಕೈಗೆ, ಮಣಿಕಟ್ಟಿಗೆ ತೆಳುವಾಗಿ ವ್ಯಾಸಲೀನ್ ಸವರಿಕೊಳ್ಳಿರಿ. ಸಾಬೂನಿನ ಬಿಲ್ಲೆಯನ್ನು ಉಗುರುಗಳಿಂದ ಗೀರಿದರೆ ಉಗುರಿನ ಸಂದಿಯಲ್ಲಿ ಸಾಬೂನು ತುಂಬಿ ಅಂಟಿಗೆ ಜಾಗವೇ ಇರುವುದಿಲ್ಲ. ಮಕ್ಕಳನ್ನು ದೂರವಿಡಿ. ಕೆಲಸ ಮುಗಿದು ಕೈ ತೊಳೆದ ಮೇಲೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ ಮಲಗಿರಿ.

ಬಂಧುಗಳೆ, ನಾವು ಎತ್ತಿನ ಹೆಗಲು ಹುಣ್ಣಾದರೆ ನೊಗ ಹೂಡುವುದಿಲ್ಲ. ಪಂಪಿಗೆ ತಪ್ಪು ಎಣ್ಣೆ ಹಾಕುವುದಿಲ್ಲ. ಬೀಜದ ಕಬ್ಬಿನ ಕಣ್ಣಿಗೆ ಪೆಟ್ಟಾಗದಂತೆ ಮಗುವಿನ ಹಾಗೆ ಹೊತ್ತು ತರುತ್ತೇವೆ. ಅವನ್ನೆಲ್ಲ ನಡೆಸುವ ಕೈಗೆ ಮಾತ್ರ ಸಿಕ್ಕಿದ್ದನ್ನು ಸುರಿಯುತ್ತೇವೆ. ಈ ಬೇಸಿಗೆಯಲ್ಲಿ ಸ್ಲ್ಯಾಬು ಏರುವ ಮುನ್ನ ಒಂದು ಬಟ್ಟಲಲ್ಲಿ ಎಣ್ಣೆ, ಒಂದು ಹಿಡಿ ಹಳೆ ಅರಿವೆ, ಒಂದು ಸಾಬೂನು ಕೆಳಗೆ ತೆಗೆದಿಟ್ಟು ಏರಿರಿ. ಪೆಟ್ರೋಲ್ ಟಾಕಿಯಲ್ಲೇ ಇರಲಿ.

ಅಡಸಾಲಿ ನಾಟಿಯ ಹೊತ್ತಿಗೆ ಬೀಜೋಪಚಾರ ತೋರಿಸಲು ನಿಮ್ಮ ಹೊಲಗಳಿಗೆ ಬರುತ್ತೇನೆ. ಆಗ ಮೊದಲು ನಿಮ್ಮ ಕೈ ನೋಡುತ್ತೇನೆ, ಆಮೇಲೆ ಬೀಜ.