ಪಿಕಪ್ಪಿನ ಆಸೆಗೆ ಬಿಚ್ಚಿದ ಡಬ್ಬಿ

ಹಳೆಯ ಕಾರು ಏರು ಹತ್ತಲಾರದೆ ಏದುಸಿರು ಬಿಟ್ಟರೆ ಗ್ಯಾರೇಜಿನಲ್ಲಿ ಸಿಗುವ ಸಲಹೆಗಳಲ್ಲಿ ಇದೂ ಒಂದು: ‘ಸೈಲೆನ್ಸರ್ ಮುಂದಿನ ಆ ಡಬ್ಬಿ ತೆಗದಬಿಡ್ರಿ, ಪಿಕಪ್ ಬರ್ತದ.’ ಭೂಸನೂರಿನ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳುವವರಿಗೆ ಆಸೆ ಹುಟ್ಟಿಸುವ ಮಾತೇ. ಆ ಡಬ್ಬಿ ಕ್ಯಾಟಲಿಟಿಕ್ ಕನ್ವರ್ಟರ್. ಸಲಹೆ ಪೂರ್ತಿ ಸುಳ್ಳಲ್ಲ. ಅದು ನಿಜವಾಗಿದ್ದ ಕಾಲವೊಂದಿತ್ತು. ಕಾಲ ಹೋಗಿದೆ, ಸಲಹೆ ಉಳಿದಿದೆ.

ಕಥೆ ಶುರುವಾಗುವುದು ಡಬ್ಬಿಯಿಂದಲ್ಲ, ಪೆಟ್ರೋಲಿನಿಂದ. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ಇಂಜಿನ್ನಿನ ಬಡಿತ ನಿಲ್ಲುತ್ತದೆ ಎಂದು ಕಂಡುಕೊಂಡ. ಬಡಿತ ನಿಂತರೆ ಇಂಜಿನ್ನಿನ ಒತ್ತಡ ಏರಿಸಬಹುದು, ಒತ್ತಡ ಏರಿದರೆ ಶಕ್ತಿ ಹೆಚ್ಚು. ಮುಂದೆ ಫ್ರಾನ್ಸಿನಿಂದ ಅಮೆರಿಕಕ್ಕೆ ಹೋಗಿದ್ದ ಯೂಜೀನ್ ಹೂಡ್ರಿ, ಲಾಸ್ ಏಂಜಲೀಸಿನ ಹೊಗೆಮಂಜಿನ ಸುದ್ದಿಯಿಂದ ಕಳವಳಗೊಂಡು, ಹೊಗೆಯನ್ನು ಹಾದಿಯಲ್ಲೇ ಶುದ್ಧಿ ಮಾಡುವ ಸಾಧನಕ್ಕೆ 1956ರಲ್ಲಿ ಪೇಟೆಂಟ್ ಪಡೆದ. ಆದರೆ ಮಿಜ್ಲಿಯ ಸೀಸ ಹೂಡ್ರಿಯ ಡಬ್ಬಿಗೆ ವಿಷ. ಒಳಗಿನ ಪ್ಲಾಟಿನಮ್ ಮೇಲೆ ಸೀಸ ಲೇಪವಾದರೆ ಅದು ಸತ್ತಂತೆ. ಹೂಡ್ರಿ 1962ರಲ್ಲಿ ತೀರಿಕೊಂಡಾಗಲೂ ಪಂಪುಗಳಲ್ಲಿ ಹರಿಯುತ್ತಿದ್ದುದು ಸೀಸದ ಪೆಟ್ರೋಲೇ.

ಅಮೆರಿಕದಲ್ಲಿ 1970ರ ಕಾಯಿದೆಯ ಒತ್ತಾಯಕ್ಕೆ 1975ರ ಮಾದರಿಯ ಬಹುತೇಕ ಕಾರುಗಳಿಗೆ ಕನ್ವರ್ಟರ್ ಬಂತು. ಆ ದಶಕದ ಅಮೆರಿಕನ್ ಕಾರುಗಳು ಸೊರಗಿದ್ದು ನಿಜ, ‘ಡಬ್ಬಿ ಬಂತು, ದಮ್ಮು ಹೋಯಿತು’ ಎಂಬ ನಂಬಿಕೆಗೆ ಬೇರು ಅದೇ. ಇಸವಿಗಳನ್ನು ಜೋಡಿಸಿ ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಸೀಸವಿಲ್ಲದ ಪೆಟ್ರೋಲಿಗೆ ಹೊಂದಲೆಂದು ಜನರಲ್ ಮೋಟಾರ್ಸ್ ತನ್ನ ಇಂಜಿನ್ನುಗಳ ಒತ್ತಡ ತಗ್ಗಿಸಿದ್ದು 1971ರ ಮಾದರಿಗಳಲ್ಲಿ. ಅಶ್ವಶಕ್ತಿ ಅಳೆಯುವ ಪದ್ಧತಿ ಬದಲಾಗಿ, ಇಂಜಿನ್ ಅದೇ ಇದ್ದರೂ ಕಾಗದದ ಮೇಲಿನ ಅಂಕಿ ಬಿದ್ದದ್ದು 1972ರಲ್ಲಿ. ಡಬ್ಬಿ ಬರುವ ಮೊದಲೇ ಶಕ್ತಿ ಹೋಗಿತ್ತು, ಅಪವಾದ ಹೊತ್ತದ್ದು ಮಾತ್ರ ಕೊನೆಗೆ ಬಂದ ಡಬ್ಬಿ. ಗುಂಡುಕಾಳು ತುಂಬಿದ ಮೊದಲ ಮಾದರಿಗಳು ಹೊಗೆಯನ್ನು ಒಂದಿಷ್ಟು ತಡೆಯುತ್ತಿದ್ದವು, ಒಪ್ಪೋಣ. ಆಮೇಲೆ ರೂಢಿಗೆ ಬಂದ ಪಿಂಗಾಣಿಯ ಜೇನುಗೂಡನ್ನು ಬೆಳಕಿಗೆ ಹಿಡಿದು ನೋಡಬೇಕು. ಒಂದು ಚದರ ಇಂಚಿನಲ್ಲಿ ಸಾಮಾನ್ಯವಾಗಿ 400ರಷ್ಟು ನೇರ ಕಿಂಡಿ, ನಡುವೆ ಕಾಗದದಷ್ಟು ತೆಳು ಗೋಡೆ. ಆರೋಗ್ಯವಾಗಿರುವ ಜೇನುಗೂಡು ಸಾದಾ ಕಾರಿಗೆ ಒಡ್ಡುವ ಅಡ್ಡಿ ತೀರ ಅಲ್ಪ. 37 ಅಶ್ವಶಕ್ತಿಯ ಮಾರುತಿ 800ರಲ್ಲಿ ನೂರಕ್ಕೆ ಮೂರರಷ್ಟು ಗಳಿಕೆಯಾಯಿತೆಂದೇ ಹಿಡಿಯಿರಿ, ಸಿಕ್ಕಿದ್ದು ಒಂದೇ ಕುದುರೆ. ಸದ್ದು ಹೆಚ್ಚಾದ್ದರಿಂದ ಅದು ನಾಲ್ಕಾಗಿ ಕೇಳಿಸುತ್ತದೆ.

ನಮ್ಮ ದೇಶಕ್ಕೆ ಡಬ್ಬಿ ಬಂದದ್ದು ಕೋರ್ಟಿನ ಮೆಟ್ಟಿಲು ಹತ್ತಿ. ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದ ಮೊಕದ್ದಮೆಯ ಫಲವಾಗಿ, 1995ರ ಏಪ್ರಿಲ್ 1ರಿಂದ ದಿಲ್ಲಿ, ಮುಂಬೈ, ಕಲ್ಕತ್ತ, ಮದ್ರಾಸುಗಳಲ್ಲಿ ಹೊಸ ಪೆಟ್ರೋಲ್ ಕಾರಿಗೆ ಕನ್ವರ್ಟರ್ ಕಡ್ಡಾಯವಾಯಿತು. ತೊಡಕು ಇಲ್ಲಿತ್ತು: ಮಹಾನಗರ ದಾಟಿದರೆ ಸೀಸವಿಲ್ಲದ ಪೆಟ್ರೋಲು ಸಿಗುವ ಭರವಸೆ ಇರಲಿಲ್ಲ. ಮುಂಬೈಯಲ್ಲಿ ಕೊಂಡ ಕಾರು ಸೊಲ್ಲಾಪುರ ದಾಟಿ ನಮ್ಮ ಕಡೆ ಬಂದು ಸಿಕ್ಕ ಪೆಟ್ರೋಲು ಕುಡಿದರೆ ಜೇನುಗೂಡು ಮೊದಲು ಸಾಯುತ್ತಿತ್ತು, ಬರುಬರುತ್ತ ಕಿಂಡಿಗಳೂ ಕಟ್ಟಿಕೊಳ್ಳಬಹುದಿತ್ತು. ಅಂಥ ಡಬ್ಬಿ ಬಿಚ್ಚಿದಾಗ ಕಾರು ಜಿಗಿದರೆ ಮಿಸ್ತ್ರಿಯ ಮಾತು ನಿಜವೇ. 2000ದ ಫೆಬ್ರುವರಿಯಲ್ಲಿ ದೇಶದುದ್ದಕ್ಕೂ ಸೀಸದ ಪೆಟ್ರೋಲು ನಿಂತಿತು. ಆ ಕಾರಣ ಅಲ್ಲಿಗೇ ಮುಗಿಯಿತು.

ಈಗಲೂ ಡಬ್ಬಿ ಕಟ್ಟುತ್ತದಲ್ಲ ಎನ್ನಬಹುದು. ಕಟ್ಟುತ್ತದೆ. ಪ್ಲಗ್ಗು ಸರಿಯಾಗಿ ಕಿಡಿ ಹಾರಿಸದಿದ್ದರೆ ಸುಡದ ಪೆಟ್ರೋಲು ಡಬ್ಬಿಯೊಳಗೆ ಹೊತ್ತಿ ಜೇನುಗೂಡನ್ನೇ ಕರಗಿಸುತ್ತದೆ. ಪಿಸ್ಟನ್ ರಿಂಗು ಸವೆದರೆ ಆಯಿಲ್ ಸುಟ್ಟು ಅಂಟುತ್ತದೆ. ಡಬ್ಬಿ ತೆಗೆದರೆ ರೋಗ ಹಾಗೇ ಉಳಿದು ಅದರ ಗುರುತಷ್ಟೇ ಹೋಗುತ್ತದೆ. ಬಿಸಿ ಡಬ್ಬಿಯ ಕೆಳಗೆ ಒಣ ರವದಿ ಹೊತ್ತಿಕೊಳ್ಳುತ್ತದೆಂಬ ಭಯ ನಮ್ಮ ಕಬ್ಬಿನ ಸೀಮೆಯಲ್ಲಿ ನ್ಯಾಯವಾದದ್ದು. ಅದಕ್ಕೆ ಕಾರನ್ನು ರವದಿಯ ಮೇಲೆ ನಿಲ್ಲಿಸದಿದ್ದರಾಯಿತು. ಬಯಲುಸೀಮೆಯಲ್ಲಿ ಒಂದು ಕಾರಿನ ಹೊಗೆ ಯಾವ ಲೆಕ್ಕ ಎಂಬುವವರೂ ಇದ್ದಾರೆ. ಇಂಗಾಲದ ಮಾನಾಕ್ಸೈಡ್ ಬಯಲಿನಲ್ಲಿ ಚದುರೀತು. ಸಂತೆಯ ಇಕ್ಕಟ್ಟಿನಲ್ಲಿ, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಚಾಲೂ ಇಟ್ಟಾಗ ಅದು ಹೋಗುವುದು ಹತ್ತಿರ ನಿಂತವರ ಎದೆಗೆ. ಹೊಸ ಡಬ್ಬಿ ದುಬಾರಿ ಎಂಬ ಆಕ್ಷೇಪವೊಂದಕ್ಕೆ ಮಾತ್ರ ಸುಲಭದ ಉತ್ತರವಿಲ್ಲ. ಹಳೆಯ ಕಾರಿನ ಬೆಲೆಯೇ ಇಳಿದಿರುವಾಗ ಅದು ದೊಡ್ಡ ಖರ್ಚು. ಹಾಗೆಂದು ಬಿಚ್ಚುವುದೂ ಪುಕ್ಕಟೆಯಲ್ಲ: ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯಂತೆ ಹೊಗೆಯ ನಿಯಮ ಮೀರಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು.

ಬಿಚ್ಚುವ ಮೊದಲು ಮಾಡಬಹುದಾದ ಪರೀಕ್ಷೆ ಸಣ್ಣದು. ಡಬ್ಬಿಯ ಮುಂದಿನ ಕೊಳವೆಗೆ ಒತ್ತಡದ ಗೇಜು ಸಿಕ್ಕಿಸಿ ಇಂಜಿನ್ ರೇಸ್ ಮಾಡಿದರೆ, ಹಾದಿ ಕಟ್ಟಿದೆಯೋ ಇಲ್ಲವೋ ಮುಳ್ಳೇ ಹೇಳುತ್ತದೆ. ಮುಳ್ಳು ಏಳದಿದ್ದರೆ ಹುಡುಕಬೇಕಾದದ್ದು ಪ್ಲಗ್ಗು, ಫಿಲ್ಟರು, ಕ್ಲಚ್ಚು. ಅಷ್ಟರಲ್ಲೇ ಬಿಚ್ಚಿಸಿದ್ದರೆ, ಆ ತುಕ್ಕು ಹಿಡಿದ ಡಬ್ಬಿ ಎಲ್ಲಿ ಹೋಯಿತೆಂದು ಕೇಳಿ. ಒಳಗಿನ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಕೆಲವೇ ಗ್ರಾಮ್ ಇದ್ದರೂ ಗುಜರಿಯವರಿಗೆ ಅದರ ಬೆಲೆ ಗೊತ್ತು.